ಪತ್ತನಾಜೆಗೆ ಮೊದಲು ಮೋರಿ ನೋಡಿ

ಮೇ ಕೊನೆಗೆ ಪತ್ತನಾಜೆ, ಮಳೆಗಾಲಕ್ಕೆ ಮುಂಚೆ ತುಳುನಾಡಿನಲ್ಲಿ ಉತ್ಸವಗಳು ಮುಗಿಯುವ ದಿನ. ಕೋಲ, ಬಯಲಾಟ ಎಲ್ಲ ನಿಲ್ಲುತ್ತವೆ, ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ಕಾಸರಗೋಡಿನ ಒಳರಸ್ತೆಗಳಲ್ಲಿ ಕೆಲಸ ಮಾಡುವ ನನಗೂ ಅದೇ ಗಡುವು. ಅಷ್ಟರೊಳಗೆ ಚರಂಡಿ, ರಸ್ತೆಯಡಿ ನೀರು ದಾಟುವ ಮೋರಿ ಬಿಡಿಸಿ ಆಗಿರಬೇಕು. ಆಮೇಲೆ ಹಾರೆ ಹಿಡಿದು ಹೊರಟರೆ ಮಳೆ ಬಿಡಬೇಕಲ್ವಾ?

ರಸ್ತೆ ಹಾಳಾದರೆ ಎಲ್ಲರೂ ಡಾಮರನ್ನು ಬೈಯುತ್ತಾರೆ. ಡಾಮರು ಕಡಿಮೆ ಹಾಕಿದ ರಸ್ತೆಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ನೋಡಿದ ಹೆಚ್ಚಿನ ಹೊಂಡಗಳಿಗೆ ಕಾರಣ ನಿಂತ ನೀರು. ಸಣ್ಣ ಬಿರುಕಿನಿಂದ ನೀರು ಒಳಗೆ ಇಳಿಯುತ್ತದೆ, ಜಲ್ಲಿಯಿಂದ ಡಾಮರು ಬಿಟ್ಟುಕೊಳ್ಳುತ್ತದೆ, ಮೇಲೆ ಒಂದು ಲಾರಿ ಹೋದರೆ ಸಾಕು. 24 ಗಂಟೆಯಲ್ಲಿ 204.4 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬರಬಹುದು ಎಂದಾಗ ರೆಡ್ ಅಲರ್ಟ್ ಕೊಡುತ್ತಾರೆ. ಅಷ್ಟು ಮಳೆ ಮೂರು ಮೀಟರ್ ಅಗಲದ ರಸ್ತೆಯ ಬರೀ ನೂರು ಮೀಟರ್ ತುಂಡಿನ ಮೇಲೆ ಬಿದ್ದರೂ 60,000 ಲೀಟರ್ ನೀರು, ಗುಡ್ಡದಿಂದ ಇಳಿದು ಬರುವುದು ಬೇರೆಯೇ.

ಆ ನೀರಿಗೆ ನಾವು ಬಿಟ್ಟಿರುವ ದಾರಿ ಎಷ್ಟು? ಅಂಗಳಕ್ಕೆ ಕಾರು ಇಳಿಸಲು ಚರಂಡಿಗೆ ಅರ್ಧ ಅಡಿ ಪೈಪು ಹಾಕಿ ಮಣ್ಣು ಮುಚ್ಚುತ್ತೇವೆ. ದಯವಿಟ್ಟು ಒಂದು ಅಡಿಯದ್ದಾದರೂ ಹಾಕಿ. ಅದೇ ಇಳಿಜಾರಿನಲ್ಲಿ ಅದು ಸುಮಾರು ಆರು ಪಟ್ಟು ನೀರು ಸಾಗಿಸುತ್ತದೆ, ಕಸ ಸಿಕ್ಕಿಕೊಂಡರೆ ಕೋಲು ಹಾಕಿ ಎಳೆಯಲಿಕ್ಕೂ ಆಗುತ್ತದೆ.

ಕೆಲವು ವರ್ಷದ ಹಿಂದೆ ಅಡಿಕೆ ತೋಟದ ಕೆಳಗಿನ ಒಂದು ಮೋರಿಯನ್ನು ರಸ್ತೆಯ ಮೇಲೆ ನಿಂತೇ ನೋಡಿ ಸರಿಯಿದೆ ಅಂದುಕೊಂಡೆ. ತೋಡಿಗೆ ಇಳಿದು ಅದರ ಬಾಯಿ ನೋಡಲಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ರಾತ್ರಿ ಅಡಿಕೆ ಹಾಳೆ, ತೆಂಗಿನ ಮಡಲು ಬಂದು ಅಡ್ಡ ಕೂತವು, ನೀರು ರಸ್ತೆ ಹತ್ತಿ ಆಚೆ ಬದಿಯ ಮಣ್ಣು ಕೊರೆಯಿತು, ಬೆಳಗ್ಗೆ ನೋಡಿದರೆ ಅರ್ಧ ರಸ್ತೆಯೇ ಇಲ್ಲ. ಡಯಾಲಿಸಿಸ್‌ಗೆ ಹೋಗಬೇಕಿದ್ದ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ದಾಟಿಸಿದರು. ಆ ನೋವು ಇವತ್ತಿಗೂ ನನಗಿದೆ. ಈಗ ಎರಡೂ ಬದಿ ಇಳಿದು, ಟಾರ್ಚ್ ಹಾಕಿ ನೋಡದೆ ಬರುವುದಿಲ್ಲ.

ಇನ್ನು ಗುಡ್ಡ. ಮೇಲೆ ಗಟ್ಟಿ ಮುರಕಲ್ಲು (ಕೆಂಪು ಕಲ್ಲು) ಕಾಣುತ್ತದೆ, ಹಾಗಾಗಿ ನೆಟ್ಟಗೆ ಕಡಿದರೂ ನಿಲ್ಲುತ್ತದೆ ಅಂತ ಧೈರ್ಯ. ಕೆಳಗಿರುವುದು ಶೇಡಿ ಮಣ್ಣು, ಅಂದರೆ ಜೇಡಿಯಂಥ ನುಣುಪು ಮಣ್ಣು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಅದಕ್ಕೆ ಬಲವೇ ಇಲ್ಲ. ಗುಡ್ಡದ ನೆತ್ತಿಯಲ್ಲಿ ಹೊಸ ಬಿರುಕು ಬಂದರೆ, ಮರ ವಾಲಿದರೆ, ಬುಡದಿಂದ ಇದ್ದಕ್ಕಿದ್ದಂತೆ ಕೆಸರು ನೀರು ಬಂದರೆ ಸಾಮಾನು ಹುಡುಕುತ್ತಾ ಕೂರಬೇಡಿ. ಮೊದಲು ಅಲ್ಲಿಂದ ಹೊರಡಿ, ಆಮೇಲೆ 112ಕ್ಕೆ ಫೋನ್ ಮಾಡಿ.

ನೀರು ಹರಿಯುತ್ತಿರುವ ರಸ್ತೆಯಲ್ಲಿ ಬೈಕು, ಕಾರು ಇಳಿಸಬೇಡಿ. ಒಂದು ಅಡಿ ನೀರಿಗೇ ಸಣ್ಣ ಕಾರು ತೇಲಬಹುದು, ಕೆಳಗೆ ರಸ್ತೆ ಉಳಿದಿದೆಯೋ ಇಲ್ಲವೋ ಮೇಲಿನಿಂದ ಗೊತ್ತಾಗುವುದೂ ಇಲ್ಲ. ಕರೆಂಟಿನ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ.

ಮೊದಲ ದೊಡ್ಡ ಮಳೆ ಸ್ವಲ್ಪ ಇಳಿದ ಮೇಲೆ, ಹಗಲು ಹೊತ್ತಿನಲ್ಲಿ, ಕೊಡೆ ಹಿಡಿದು ನಿಮ್ಮ ರಸ್ತೆಯಲ್ಲಿ ಒಂದು ಸುತ್ತು ನಡೆಯಿರಿ. ನೀರು ಎಲ್ಲಿ ಚರಂಡಿ ಬಿಟ್ಟು ರಸ್ತೆಗೆ ಹತ್ತುತ್ತದೆ ಎಂದು ಫೋಟೋ ತೆಗೆದು ವಾರ್ಡ್ ಮೆಂಬರಿಗೆ ಕಳಿಸಿ. ಬಿಸಿಲು ಬಂದ ಮೇಲೆ ಅದೇ ಜಾಗ ತೋರಿಸಿದರೆ ನಮಗೂ ಏನೂ ಕಾಣುವುದಿಲ್ಲ.