ಎಷ್ಟು ತೂಕ ಕಟ್ಟಿಕೊಳ್ಳುತ್ತೀರಿ?

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗಿಗೆಂದು ಹೊರಟ ದೋಣಿಯಲ್ಲಿ ಪ್ರಮಾಣಪತ್ರ ತೋರಿಸಲು ಎಲ್ಲರೂ ಸಿದ್ಧ. ನಾನು ಕಿವಿಗೊಡುವುದು ಬೇರೊಂದು ಮಾತಿಗೆ. ನೀರಿಗಿಳಿಯಲು ಸೊಂಟಕ್ಕೆ ಕಟ್ಟಿಕೊಳ್ಳುವ ಸೀಸದ ತೂಕ ಎಷ್ಟು ಬೇಕೆಂದು ವಿಚಾರಿಸಿದಾಗ, "ಹೋದ ಸಲ ಆರು ಕಿಲೋ ಸಾಕಾಗಿತ್ತು, ಈಗ ಸೂಟ್ ಬೇರೆ, ಒಮ್ಮೆ ನೋಡಿಬಿಡೋಣ" ಎನ್ನುವವರ ಬಗ್ಗೆ ನನಗೆ ಚಿಂತೆಯಿಲ್ಲ. "ಹತ್ತು ಕೊಡಿ, ನನಗೆ ಯಾವಾಗಲೂ ಅಷ್ಟೇ" ಎನ್ನುವವರ ಮೇಲೆ ಒಂದು ಕಣ್ಣಿಟ್ಟಿರುತ್ತೇನೆ, ಮಾಡಿದ ಡೈವ್‌ಗಳನ್ನು ಬರೆದಿಡುವ ಅವರ ಲಾಗ್ ಬುಕ್ ಎಷ್ಟೇ ದಪ್ಪವಿರಲಿ.

ಹೆಚ್ಚುವರಿ ತೂಕ ಮಾಡುವ ಅನಾಹುತ ನೋಡಿ. ಮೂರು ಕಿಲೋ ಹೆಚ್ಚು ಕಟ್ಟಿಕೊಂಡವರು ಹತ್ತು ಮೀಟರ್ ಆಳದಲ್ಲಿ ಮುಳುಗದೆ, ಮೇಲೇರದೆ ತೇಲಿ ನಿಲ್ಲಬೇಕಾದರೆ ಬಿಸಿಡಿಗೆ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸಿಕೊಳ್ಳುವ ಜಾಕೆಟ್ಟಿಗೆ, ಸುಮಾರು ಮೂರು ಲೀಟರ್ ಗಾಳಿ ಹೆಚ್ಚಾಗಿ ತುಂಬಬೇಕು. ಐದು ಮೀಟರಿಗೆ ಏರುವಷ್ಟರಲ್ಲಿ ಒತ್ತಡ ಇಳಿದು ಅದೇ ಗಾಳಿ ನಾಲ್ಕು ಲೀಟರ್ ಆಗುತ್ತದೆ. ಸುರಕ್ಷತೆಗಾಗಿ ಮೂರು ನಿಮಿಷ ನಿಲ್ಲಬೇಕಾದ ಜಾಗದಲ್ಲೇ ಒಂದು ಕಿಲೋದಷ್ಟು ಬಲ ಅವರನ್ನು ಮೇಲಕ್ಕೆಳೆಯುತ್ತದೆ. ಆಗ ಗಾಬರಿಯಿಂದ ಜಾಕೆಟ್ಟಿನ ಗಾಳಿ ಬಿಡುತ್ತಾರೆ, ಮುಳುಗುತ್ತಾರೆ, ಮತ್ತೆ ತುಂಬುತ್ತಾರೆ. ಉಸಿರೆಳೆದರೆ ದೇಹ ಮೇಲೇರಲು ಕೆಲವು ಕ್ಷಣ ಬೇಕು. ಅಷ್ಟು ತಾಳ್ಮೆಯಿಲ್ಲದೆ ಜಾಕೆಟ್ಟಿಗೆ ಗಾಳಿ ತುಂಬುವ ಗುಂಡಿ ಒತ್ತುವವರೇ ಹೆಚ್ಚು. ಸೊಂಟದ ಭಾರಕ್ಕೆ ಕಾಲು ಜೋತುಬೀಳುತ್ತದೆ, ಪಾದಕ್ಕೆ ತೊಟ್ಟ ಈಜುರೆಕ್ಕೆಯ (ಫಿನ್) ಬಡಿತಕ್ಕೆ ಮರಳೆದ್ದು ಹವಳದ ಮೇಲೆ ಕೂರುತ್ತದೆ. ಕೊನೆಗೆ ಕೈ ಹವಳವನ್ನೇ ಹಿಡಿಯುತ್ತದೆ. ಅದು ಕಲ್ಲಲ್ಲ, ಜೀವಿ ಎಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಇದರಲ್ಲಿ ನಮ್ಮ ವೃತ್ತಿಯವರ ಪಾಲು ದೊಡ್ಡದು. ಹೊಸಬರು ತಳದಲ್ಲಿ ಮಂಡಿಯೂರಿ ಅಲುಗಾಡದೆ ಕೂರಲೆಂದು ಬೇಕೆಂದೇ ತೂಕ ಹೆಚ್ಚಿಸಿ ಕಲಿಸುವವರಿದ್ದಾರೆ. ಕಲಿಸುವವರಿಗೆ ಅದು ಸುಲಭ. ಕಲಿತವರು ಆ ಅಂಕಿಯನ್ನೇ ವರ್ಷಗಟ್ಟಲೆ ಹೊತ್ತು ತಿರುಗುತ್ತಾರೆ. ಅನುಭವಿ ಎನಿಸಿಕೊಂಡ ಮೇಲಂತೂ ತೂಕ ಪರೀಕ್ಷಿಸಿಕೊಳ್ಳಲು ಸಂಕೋಚ. ಪಕ್ಕದವರು ನಕ್ಕಾರೆಂಬ ಭಯ. ನಗುವವರೂ ಇದ್ದಾರೆ, ಅಂಥವರನ್ನು ನನ್ನ ದೋಣಿಯಲ್ಲಿ ನಾನು ಸಹಿಸುವುದಿಲ್ಲ.

ಬೆಂಗಳೂರಿನ ಈಜುಕೊಳದಲ್ಲಿ ಕಲಿತು ಬರುವವರಿಗೆ ಒಂದು ಮಾತು. ಕಡಲ ನೀರು ಸಿಹಿನೀರಿಗಿಂತ ಶೇಕಡಾ ಎರಡೂವರೆಯಷ್ಟು ಸಾಂದ್ರ. ಸಲಕರಣೆ ಸೇರಿ ನೂರು ಕಿಲೋ ತೂಗುವವರಿಗೆ ಇಲ್ಲಿ ಸುಮಾರು ಎರಡೂವರೆ ಕಿಲೋ ಹೆಚ್ಚೇ ಬೇಕು. ತುಂಬಿದ ಸಿಲಿಂಡರಿನ ಗಾಳಿಗೇ ಎರಡು ಕಿಲೋಗೂ ಮೀರಿದ ತೂಕವಿದೆ, ಉಸಿರಾಡಿದಂತೆ ಅದು ಕರಗುತ್ತದೆ. ಆದ್ದರಿಂದ ಡೈವ್ ಮುಗಿಯುವ ಹೊತ್ತಿಗೆ, ಸಿಲಿಂಡರಿನಲ್ಲಿ ಐವತ್ತು ಬಾರ್ ಒತ್ತಡದಷ್ಟು ಗಾಳಿ ಉಳಿದಿರುವಾಗ, ಐದು ಮೀಟರಿನಲ್ಲಿ ಜಾಕೆಟ್ ಬರಿದು ಮಾಡಿ ನೋಡಿ. ಬರೀ ಉಸಿರಿನಲ್ಲೇ ನಿಲ್ಲಲಾದರೆ ತೂಕ ಸರಿಯಿದೆ. ಮುಳುಗುತ್ತಿದ್ದರೆ ಮುಂದಿನ ಡೈವಿಗೆ ಒಂದು ಕಿಲೋ ಬಿಚ್ಚಿ, ಮತ್ತೆ ಪರೀಕ್ಷಿಸಿ.