ಅಳತೆ ಮೊಣಕೈಯಿಂದ ಶುರುವಾಗಲಿ

"ರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆಯೇ? ಎದ್ದು ಕುಳಿತು ಕೈ ಕೊಡವುತ್ತೀರಾ?"

ಮಣಿಕಟ್ಟು ನೋವು ಎಂದು ಬಂದವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ತೆರೆದ ಹೊಸತರಲ್ಲಿ ಇದಕ್ಕೆ ಹೌದು ಎನ್ನುತ್ತಿದ್ದವರು ಹೆಚ್ಚಾಗಿ ಕೌಲ್ ಬಜಾರ್ ಕಡೆಯ ಜೀನ್ಸ್ ಘಟಕಗಳ ಹೆಣ್ಣುಮಕ್ಕಳು. ಬೆಳಗಿನಿಂದ ಸಂಜೆಯವರೆಗೆ ಕತ್ತರಿ ಹಿಡಿದು ಪ್ಯಾಂಟಿನ ದಾರದ ತುದಿಗಳನ್ನು ಕತ್ತರಿಸುವವರು. ಈಗ ಅವರ ಪಕ್ಕದ ಬೆಂಚಿನಲ್ಲಿ ಡಿಟಿಪಿ ಅಂಗಡಿಯವರು, ಆನ್‌ಲೈನ್ ಅರ್ಜಿ ತುಂಬುವವರು, ವಕೀಲರ ಬಳಿ ಟೈಪಿಂಗ್ ಮಾಡುವವರು, ಮನೆಯಲ್ಲಿಯೇ ಕುಳಿತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗರು ಕೂರುತ್ತಾರೆ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದ ಮೇಲಿನ ಕೆಲವು ವಾರ ಸೇವಾ ಕೇಂದ್ರಗಳಲ್ಲಿ ಕೆಲಸ ಮಾಡುವವರು ಒಬ್ಬರ ಹಿಂದೆ ಒಬ್ಬರು ಬಂದಿದ್ದು ನನಗೆ ಚೆನ್ನಾಗಿ ನೆನಪಿದೆ.

ಬಂದವರಲ್ಲಿ ಬಹಳ ಮಂದಿಯ ಕೈಯಲ್ಲಿ ಔಷಧ ಅಂಗಡಿಯಿಂದ ತಂದ ಬಿಗಿ ಪಟ್ಟಿ ಇರುತ್ತದೆ. ಎಣ್ಣೆ ತಿಕ್ಕಿ ಆಗಿರುತ್ತದೆ, ಮುಲಾಮು ಹಚ್ಚಿ ಆಗಿರುತ್ತದೆ. ಯಾವ ಮೇಜಿನ ಮುಂದೆ ದಿನಕ್ಕೆ ಎಂಟು ತಾಸು ಕೂರುತ್ತಾರೋ ಅದರ ಎತ್ತರ ಎಷ್ಟು ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ. ನನಗೆ ಬೇಕಾದ ಉತ್ತರ ಅದೇ.

ಕಳೆದ ಬೇಸಿಗೆಯಲ್ಲಿ ಡಿಟಿಪಿ ಅಂಗಡಿ ನಡೆಸುವ ಒಬ್ಬ ಹೆಣ್ಣುಮಗಳು ಬಂದಿದ್ದರು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿನಲ್ಲಿ ಜೋಮು. ವಾರದಲ್ಲಿ ಐದು ರಾತ್ರಿ ಎಚ್ಚರ. ಎಡಗೈಯ ಕಿರುಬೆರಳ ಕಡೆಯ ಅಂಚಿನಲ್ಲಿ ಬೇರೆಯೇ ತರಹದ ನೋವು. ಅವರ ಅಂಗಡಿ ನನ್ನ ಕ್ಲಿನಿಕ್ಕಿನಿಂದ ದೂರವಿರಲಿಲ್ಲ. "ನಾಳೆ ನಾನೇ ಬಂದು ನೋಡುತ್ತೇನೆ ಅಮ್ಮಾ, ನೀವು ಎಂದಿನ ಹಾಗೆ ಕೆಲಸ ಮಾಡುತ್ತಿರಿ" ಎಂದೆ.

ಹೋಗಿ ನೋಡಿದೆ. ಪ್ಲೈವುಡ್ ಮೇಜು, ಮೇಲೆ ಗಾಜು. ಕೈಯಿಲ್ಲದ ಪ್ಲಾಸ್ಟಿಕ್ ಕುರ್ಚಿ. ಪಕ್ಕದ ಹೊಲಿಗೆ ಅಂಗಡಿಯಿಂದ ಟೇಪು ಇಸಿದುಕೊಂಡು ಅಳೆದೆವು. ಮೇಜು ನೆಲದಿಂದ ಮೂವತ್ತು ಇಂಚು. ಅದರ ಮೇಲೆ ಕೀಬೋರ್ಡಿನ ದಪ್ಪ ಒಂದು ಇಂಚು. ಅವರು ನೆಟ್ಟಗೆ ಕುಳಿತು ತೋಳನ್ನು ಪಕ್ಕಕ್ಕೆ ಇಳಿಬಿಟ್ಟು ಮೊಣಕೈ ಮಡಚಿದಾಗ, ಮೊಣಕೈ ನೆಲದಿಂದ ಇಪ್ಪತ್ತನಾಲ್ಕೂವರೆ ಇಂಚಿನಲ್ಲಿತ್ತು. ಅಂದರೆ ಅವರ ಬೆರಳುಗಳು ಮೊಣಕೈಗಿಂತ ಆರೂವರೆ ಇಂಚು ಮೇಲೆ ಹತ್ತಿ ಕೆಲಸ ಮಾಡಬೇಕು. ಹತ್ತುವ ದಾರಿ ಎರಡೇ. ಒಂದೋ ಭುಜವನ್ನು ಕಿವಿಯ ಕಡೆಗೆ ಎತ್ತಬೇಕು, ಇಲ್ಲವೇ ಮುಂಗೈಯನ್ನು ಮೇಜಿನ ಅಂಚಿಗೆ ಆನಿಸಿ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸಬೇಕು. ಅವರು ಎರಡನ್ನೂ ಮಾಡುತ್ತಿದ್ದರು. ಕೈ ಎತ್ತಿ ನೋಡಿದರೆ ಮಣಿಕಟ್ಟಿನ ಕೆಳಗೆ ಗಾಜಿನ ಅಂಚು ಕೊರೆದ ಕೆಂಪು ಗೆರೆ.

ಆ ಗೆರೆ ಬಿದ್ದ ಜಾಗದ ಒಳಗೆ ಏನಿದೆ ಎಂದು ತಿಳಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳು ಕಮಾನಿನಂತೆ ಜೋಡಣೆಯಾಗಿವೆ. ಅಂಗೈ ಕಡೆಯಿಂದ ಗಟ್ಟಿಯಾದ ಪಟ್ಟಿಯಂಥ ಅಸ್ಥಿರಜ್ಜು ಅದನ್ನು ಮುಚ್ಚಿದೆ. ನಡುವಿನ ಈ ಕಿರಿದಾದ ಸುರಂಗಕ್ಕೆ ಕಾರ್ಪಲ್ ಟನಲ್ ಎಂದು ಹೆಸರು. ಬೆರಳುಗಳನ್ನು ಮಡಚುವ ಒಂಬತ್ತು ಸ್ನಾಯುರಜ್ಜುಗಳು ಮತ್ತು ಮೀಡಿಯನ್ ಎಂಬ ಒಂದು ನರ ಇದರಲ್ಲಿ ಹಾದು ಹೋಗುತ್ತವೆ. ನಮ್ಮ ಕಡೆಯ ರೈತರಿಗೆ ನಾನು ಬೋರ್‌ವೆಲ್ ತೋರಿಸಿ ಹೇಳುತ್ತೇನೆ. ಕೇಸಿಂಗ್ ಪೈಪಿನೊಳಗೆ ನೀರಿನ ಪೈಪು, ಹಗ್ಗ, ಮೋಟಾರಿನ ಕೇಬಲ್ಲು ಎಲ್ಲವೂ ಇಳಿದಿರುತ್ತವೆ. ಕೇಸಿಂಗ್ ಹಿಗ್ಗುವುದಿಲ್ಲ. ಒಳಗಿನದು ಯಾವುದೇ ಊದಿಕೊಂಡರೂ ಪೆಟ್ಟು ಬೀಳುವುದು ಕೇಬಲ್ಲಿಗೆ. ಆ ಕೇಬಲ್ಲೇ ನಮ್ಮ ನರ. ಮಣಿಕಟ್ಟು ಹಿಂದಕ್ಕೆ ಬಗ್ಗಿದರೂ ಮುಂದಕ್ಕೆ ಬಗ್ಗಿದರೂ ಸುರಂಗದೊಳಗಿನ ಒತ್ತಡ ಏರುತ್ತದೆ. ನೇರವಾಗಿದ್ದಾಗ ಅತಿ ಕಡಿಮೆ. ನಿದ್ದೆಯಲ್ಲಿ ಜೋಮು ಹೆಚ್ಚಲು ರಾತ್ರಿ ಮಣಿಕಟ್ಟು ಮಡಚಿ ಮಲಗುವುದು ಒಂದು ಮುಖ್ಯ ಕಾರಣ. ಹೆಬ್ಬೆರಳಿನಿಂದ ಉಂಗುರಬೆರಳಿನ ಅರ್ಧದವರೆಗಿನ ಸ್ಪರ್ಶ ಈ ನರದ್ದು. ಕಿರುಬೆರಳು ಇದರ ಪಾಲಿಗೆ ಸೇರಿಲ್ಲ. ಕಿರುಬೆರಳಿನಲ್ಲಿಯೇ ಜೋಮು ಇದ್ದರೆ ನಾನು ಮೊಣಕೈ ಕಡೆಗೆ ನೋಡುತ್ತೇನೆ, ಅಲ್ಲಿ ಹಾಯುವ ನರ ಬೇರೆ.

ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ. ಕೈ ಜೋಮಿಗೆ ಕಂಪ್ಯೂಟರ್ ಒಂದೇ ಕಾರಣ ಅಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಗರ್ಭಿಣಿಯರಲ್ಲಿ ಮೈ ನೀರು ತುಂಬುವುದು, ಇವೂ ಅದೇ ಸುರಂಗವನ್ನು ಬಿಗಿಗೊಳಿಸುತ್ತವೆ. ಆದ್ದರಿಂದ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳದೆ ನಾನು ಯಾರನ್ನೂ ಕಳುಹಿಸುವುದಿಲ್ಲ. ಆ ಹೆಣ್ಣುಮಗಳ ವರದಿಗಳೆಲ್ಲ ಸರಿ ಇದ್ದವು. ಉಳಿದದ್ದು ಮೇಜು.

ಮೇಜನ್ನು ಕೊಯ್ಯುವಂತಿರಲಿಲ್ಲ, ಗಿರಾಕಿಗಳು ಎದುರು ನಿಂತು ಕಾಗದ ಇಡುವ ಜಾಗ ಅದು. ಬಡಗಿಯನ್ನು ಕರೆಸಿ ಮೇಜಿನ ಕೆಳಗೆ ಡ್ರಾಯರ್‌ನಂತೆ ಜಾರುವ ಹಲಗೆ ಹಾಕಿಸಿದೆವು. ನೆಲದಿಂದ ಅದರ ಎತ್ತರ ಇಪ್ಪತ್ತಾರೂವರೆ ಇಂಚು, ಕೀಬೋರ್ಡ್ ಮತ್ತು ಮೌಸ್ ಎರಡೂ ಹಿಡಿಸುವಷ್ಟು ಅಗಲ. ಕೀಬೋರ್ಡಿಗೆ ಮಾತ್ರ ಸಾಲುವ ಹಲಗೆ ಹಾಕಿಸಿ ಮೌಸನ್ನು ಮೇಲೆಯೇ ಬಿಡುವವರು ಬಹಳ. ಆಗ ಅರ್ಧ ನೋವು ಹಾಗೆಯೇ ಉಳಿಯುತ್ತದೆ. ಕುರ್ಚಿಯ ಮೇಲೆ ಗಟ್ಟಿ ಹಲಗೆ, ಅದರ ಮೇಲೆ ತೆಳು ದಿಂಬು ಇಟ್ಟು ಮೂರು ಇಂಚು ಎತ್ತರಿಸಿದೆವು. ಬರಿ ಮೆತ್ತನೆಯ ದಿಂಬನ್ನು ನಂಬಬೇಡಿ, ಒಂದು ತಾಸಿನಲ್ಲಿ ಕುಸಿದು ಮೊದಲಿನ ಎತ್ತರಕ್ಕೇ ಇಳಿಸುತ್ತದೆ. ಕುರ್ಚಿ ಏರಿದ ಮೇಲೆ ಪಾದ ತೂಗಾಡಬಾರದು, ತೊಡೆಯ ಹಿಂಭಾಗ ಒತ್ತಿಕೊಳ್ಳುತ್ತದೆ. ಅದಕ್ಕೆ ಮೂರು ಇಂಚಿನ ಮಣೆ. ಈಗ ಮೊಣಕೈ ಇಪ್ಪತ್ತೇಳೂವರೆ, ಕೀಲಿಗಳೂ ಇಪ್ಪತ್ತೇಳೂವರೆ. ಮುಂಗೈ ಮತ್ತು ಅಂಗೈಯ ಹಿಂಭಾಗ ಒಂದೇ ಗೆರೆಯಲ್ಲಿ ಬಂದವು. ಮೊಣಕೈ ಕೋನ ತೊಂಬತ್ತು ಡಿಗ್ರಿಯಿಂದ ನೂರ ಹತ್ತರ ನಡುವೆ ಇದ್ದರೆ ಸಾಕು, ಕೋನಮಾಪಕ ಹಿಡಿದು ಕೂರಬೇಕಿಲ್ಲ.

ಕೀಬೋರ್ಡಿನ ಹಿಂದೆ ಎರಡು ಸಣ್ಣ ಕಾಲುಗಳಿರುತ್ತವೆ. ದಯವಿಟ್ಟು ಅವನ್ನು ಮಡಚಿಬಿಡಿ. ಅವು ಕೀಬೋರ್ಡಿನ ಹಿಂಬದಿಯನ್ನು ಎತ್ತುತ್ತವೆ, ಅಷ್ಟಕ್ಕೇ ಮಣಿಕಟ್ಟು ಹಿಂದಕ್ಕೆ ಬಗ್ಗುತ್ತದೆ. ಇಡೀ ಅಂಕಣದಲ್ಲಿ ಕಾಸು ಖರ್ಚಿಲ್ಲದೆ ಈಗಲೇ ಮಾಡಬಹುದಾದ ಕೆಲಸ ಇದು.

ಇನ್ನು ಅವರ ಎಡಗೈ ನೋವು. ಇದನ್ನು ನಾನು ಅವರ ಹಿಂದೆ ಅರ್ಧ ತಾಸು ನಿಂತು ನೋಡಿ ಕಂಡುಕೊಂಡೆ. ಅವರು ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸದಲ್ಲಿ ಟೈಪ್ ಮಾಡುತ್ತಾರೆ. ಬಳಸಲು ಸುಲಭವಾದ, ಬೇಗ ಕೈಗೆ ಹತ್ತುವ ವಿನ್ಯಾಸ ಅದು. ಆದರೆ ದೀರ್ಘ ಸ್ವರಕ್ಕೆ, ಮಹಾಪ್ರಾಣಕ್ಕೆ ಶಿಫ್ಟ್ ಕೀಲಿ ಬೇಕು. "ಜಾತಿ ಮತ್ತು ಆದಾಯ ಪ್ರಮಾಣಪತ್ರ" ಎಂದು ಬರೆಯಲು ಶಿಫ್ಟ್ ಐದು ಸಲ ಒತ್ತಬೇಕು, ಅದರಲ್ಲಿ ನಾಲ್ಕು ಸಲ ಇಂಗ್ಲಿಷಿನ ಎ ಕೀಲಿಯ ಜೊತೆ. ಎ ಇರುವುದು ಎಡಗೈ ಕಿರುಬೆರಳಿನ ಕೆಳಗೆ, ಎಡ ಶಿಫ್ಟ್ ಇರುವುದೂ ಅದೇ ಬೆರಳಿನ ಪಾಲಿಗೆ. ಎರಡನ್ನೂ ಒಂದೇ ಕೈಯಿಂದ ಒತ್ತಲು ಹೋದಾಗ ಕಿರುಬೆರಳು ಕೆಳಗೆ ಜಗ್ಗುತ್ತದೆ, ಉಂಗುರಬೆರಳು ಎ ಕಡೆಗೆ ವಾಲುತ್ತದೆ, ಇಡೀ ಮಣಿಕಟ್ಟು ಹೊರಕ್ಕೆ ತಿರುಚಿಕೊಳ್ಳುತ್ತದೆ. ದಿನಕ್ಕೆ ಎಷ್ಟು ಸಾವಿರ ಸಲವೋ! ಎಡಗೈ ಅಕ್ಷರಕ್ಕೆ ಬಲ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡ ಶಿಫ್ಟ್ ಎಂದು ಟೈಪಿಂಗ್ ಶಾಲೆಗಳಲ್ಲಿ ಹಿಂದೆ ಕಡ್ಡಾಯವಾಗಿ ಕಲಿಸುತ್ತಿದ್ದರು. ಅಂಗಡಿಯಲ್ಲಿ ನೋಡಿ ಕಲಿತವರಿಗೆ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. "ಬಲ ಶಿಫ್ಟ್ ಇರುವುದು ಯಾಕೆ ಎಂದೇ ನನಗೆ ಗೊತ್ತಿರಲಿಲ್ಲ ಮೇಡಂ" ಎಂದರು ಅವರು. ಅವರ ಕೀಬೋರ್ಡಿನ ಎಡ ಶಿಫ್ಟ್ ಸವೆದು ಹೊಳೆಯುತ್ತಿತ್ತು, ಬಲದ್ದರ ಮೇಲೆ ಧೂಳು ಕೂತಿತ್ತು.

ಹಳೆಯ ಟೈಪ್‌ರೈಟರ್ ಬೆರಳಿಗೆ ಭಾರವಾದ ಯಂತ್ರವೇ. ಆದರೂ ಅದರಲ್ಲಿ ಪ್ರತಿ ಸಾಲಿನ ಕೊನೆಗೆ ಕೈ ಎತ್ತಿ ಕ್ಯಾರೇಜ್ ತಳ್ಳಬೇಕಿತ್ತು, ಪುಟ ಮುಗಿದರೆ ಕಾಗದ ಬದಲಿಸಬೇಕಿತ್ತು. ಆ ಬಿಡುವನ್ನು ಕಂಪ್ಯೂಟರ್ ಕಿತ್ತುಕೊಂಡಿದೆ. ನಾವೇ ಅದನ್ನು ಮರಳಿ ತರಬೇಕು. ಗಡಿಯಾರ ನೋಡಿ ಏಳಿ ಎಂದರೆ ಯಾರೂ ಏಳುವುದಿಲ್ಲ, ಎದುರಿಗೆ ಜನ ಕಾದಿರುತ್ತಾರೆ. ಅದಕ್ಕೆ ಪ್ರಿಂಟರನ್ನು ಕೈಗೆ ಸಿಗದಷ್ಟು ದೂರ ಇಡಿ ಎಂದು ಹೇಳುತ್ತೇನೆ. ಪ್ರತಿ ಪ್ರಿಂಟಿಗೆ ಎದ್ದು ನಡೆದರೆ ಕೈಗೆ ಅರ್ಧ ನಿಮಿಷ ಸಿಗುತ್ತದೆ.

ಮೌಸ್ ವಿಚಾರ. ಗಾಜಿನ ಮೇಲೆ ಸಾಮಾನ್ಯ ಆಪ್ಟಿಕಲ್ ಮೌಸ್ ಸರಿಯಾಗಿ ಓಡುವುದಿಲ್ಲ. ಬಾಣದ ಗುರುತು ಜಿಗಿದಾಡುತ್ತದೆ, ನಾವು ಮೌಸನ್ನು ಬಿಗಿಯಾಗಿ ಹಿಡಿಯುತ್ತೇವೆ. ಇವರು ಗಾಜಿನ ಮೇಲೆ ಮದುವೆ ಕಾರ್ಡ್ ಇಟ್ಟುಕೊಂಡಿದ್ದರು. ಕಾರ್ಡ್ ಸಣ್ಣದಾದ್ದರಿಂದ ಮಣಿಕಟ್ಟನ್ನು ಊರಿ ಅದನ್ನೇ ಅತ್ತಿತ್ತ ತಿರುವುತ್ತಿದ್ದರು. ದೊಡ್ಡ ಪ್ಯಾಡ್ ಹಾಕಿ, ಮೊಣಕೈಯಿಂದ ತೋಳನ್ನೇ ಚಲಿಸಿ. ಬಲಗಡೆಯ ಅಂಕಿ ಕೀಲಿಗಳ ಗುಂಪು ಮೌಸನ್ನು ದೂರ ತಳ್ಳುತ್ತದೆ. ಅಕ್ಷರವನ್ನೇ ಹೆಚ್ಚು ಟೈಪ್ ಮಾಡುವವರಿಗೆ ಆ ಗುಂಪಿಲ್ಲದ ಸಣ್ಣ ಕೀಬೋರ್ಡ್ ವಾಸಿ. ರಾಯಚೂರಿನ ಹತ್ತಿ ವ್ಯಾಪಾರದ ಲೆಕ್ಕ ಬರೆಯುವವರಿಗೆ ಈ ಸಲಹೆ ಒಗ್ಗದು, ಅವರಿಗೆ ಅಂಕಿಗಳೇ ಬೇಕು. ಅವರು ಮೌಸನ್ನು ಎಡಗೈಗೆ ಅಭ್ಯಾಸ ಮಾಡಿಕೊಳ್ಳಲಿ. ಮತ್ತೆ, ಸರ್ವರ್ ನಿಧಾನವಾದಾಗ ಅದೇ ಗುಂಡಿಯನ್ನು ಹತ್ತು ಸಲ ಒತ್ತುವುದನ್ನು ಬಿಡಿ. ಆ ಹೊತ್ತಿನಲ್ಲಿ ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಿ.

ಪರದೆ ಒಂದು ತೋಳಿನಷ್ಟು ದೂರ, ಮೇಲಂಚು ಕಣ್ಣಿನ ಮಟ್ಟಕ್ಕೆ. ಲ್ಯಾಪ್‌ಟಾಪಿನವರು ಅದನ್ನು ಪುಸ್ತಕಗಳ ಮೇಲೆ ಏರಿಸಿ ಬೇರೆ ಕೀಬೋರ್ಡ್ ಜೋಡಿಸಿಕೊಳ್ಳಲೇಬೇಕು. ಹಾಸಿಗೆಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ನನ್ನ ಬಳಿ ಯಾವ ಪರಿಹಾರವೂ ಇಲ್ಲ. ಮಣಿಕಟ್ಟಿನ ಕೆಳಗೆ ಇಡುವ ಮೆತ್ತೆ ಬಿಡುವಿನ ಹೊತ್ತಿಗೆ ಮಾತ್ರ. ಟೈಪ್ ಮಾಡುವಾಗ ಅದರ ಮೇಲೆ ಭಾರ ಹಾಕಿದರೆ ಗಾಜಿನ ಅಂಚಿನ ಕೆಲಸವನ್ನೇ ಅದು ಮೆತ್ತಗೆ ಮಾಡುತ್ತದೆ.

ಅಂಗಡಿಯಲ್ಲಿ ಎಲ್ಲ ಸರಿಪಡಿಸಿ ಹತ್ತು ದಿನವಾದರೂ ಬಲಗೈ ನಿರೀಕ್ಷಿಸಿದಷ್ಟು ಸುಧಾರಿಸಲಿಲ್ಲ. ಆಗ ಕೇಳಿದೆ: "ಮನೆಗೆ ಹೋದ ಮೇಲೆ ಏನು ಮಾಡುತ್ತೀರಿ?" ಆರು ಜನರ ಮನೆ. ದಿನವೂ ಇಪ್ಪತ್ತು ಜೋಳದ ರೊಟ್ಟಿ ಬಡಿಯಬೇಕು. ರೊಟ್ಟಿ ಬಡಿಯುವಾಗ ಮಣಿಕಟ್ಟು ಹಿಂದಕ್ಕೆ ಬಗ್ಗಿಯೇ ಇರುತ್ತದೆ, ಅದರ ಮೇಲೆ ಏಟಿನ ಮೇಲೆ ಏಟು. ಮೇಜು ಕೊಟ್ಟ ಬಿಡುವನ್ನು ರೊಟ್ಟಿ ಬಡಿಯುವ ಕೊಣಮಿಗೆ ಕಿತ್ತುಕೊಳ್ಳುತ್ತಿತ್ತು. ಕಂಪ್ಯೂಟರ್ ಮುಂದಿನ ಭಂಗಿಯ ಬಗ್ಗೆ ಬರೆಯುವವರು ಈ ಕೆಲಸವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅದು ನನಗೆ ನೋವಿನ ಸಂಗತಿ. ಅವರ ಗಂಡನನ್ನೂ ಅತ್ತೆಯನ್ನೂ ಕ್ಲಿನಿಕ್ಕಿಗೆ ಕರೆಸಿ ಮಾತಾಡಿದೆ. ಆರು ವಾರದ ಮಟ್ಟಿಗೆ ರೊಟ್ಟಿಯನ್ನು ನಾದಿನಿ ಬಡಿಯುವುದು, ಬಟ್ಟೆ ಹಿಂಡುವುದು ಗಂಡ ಎಂದು ಒಪ್ಪಂದವಾಯಿತು.

ಹಗಲಿಗೆ ಪಟ್ಟಿ ಬೇಡವೆಂದೆ. ಬಿಗಿ ಪಟ್ಟಿ ಕಟ್ಟಿಕೊಂಡು ಟೈಪ್ ಮಾಡಿದರೆ ಕೈ ಅದರ ವಿರುದ್ಧ ಹೆಣಗುತ್ತದೆ. ರಾತ್ರಿಗೆ ಮಾತ್ರ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಸ್ಪ್ಲಿಂಟ್ ಕೊಟ್ಟೆ. ಆದರೆ ಜೋಮು ಹಗಲೂ ಬಿಡದಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ, ರವಿಕೆಯ ಗುಂಡಿ ಹಾಕಲು ಆಗದಿದ್ದರೆ, ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿ ಕಂಡರೆ ಮೇಜು ಸರಿಪಡಿಸುತ್ತ ಕೂರಬೇಡಿ. ಕೂಡಲೇ ಮೂಳೆ ಅಥವಾ ನರರೋಗ ತಜ್ಞರ ಬಳಿ ಹೋಗಿ. ನರದ ವೇಗ ಅಳೆಯುವ ಪರೀಕ್ಷೆ ಇದೆ, ಚುಚ್ಚುಮದ್ದು ಇದೆ, ಬೇಕಾದರೆ ಸುರಂಗವನ್ನು ಮುಚ್ಚಿರುವ ಅಸ್ಥಿರಜ್ಜನ್ನು ಬಿಡಿಸುವ ಸಣ್ಣ ಶಸ್ತ್ರಚಿಕಿತ್ಸೆಯೂ ಇದೆ. ಒಣಗಿದ ಸ್ನಾಯು ಮರಳಿ ತುಂಬಿಕೊಳ್ಳುವುದು ಕಷ್ಟ, ಆದ್ದರಿಂದ ತಡ ಮಾಡಬೇಡಿ.

ಎರಡು ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಅಂಗಡಿಗೆ ಇಣುಕಿದೆ. ರಾತ್ರಿ ಎಚ್ಚರವಾಗುವುದು ವಾರಕ್ಕೆ ಒಂದಕ್ಕೆ ಇಳಿದಿದೆ ಎಂದರು. ಅವಸರದಲ್ಲಿ ಎಡ ಶಿಫ್ಟಿಗೇ ಬೆರಳು ಹೋಗುತ್ತದಂತೆ. ಮಧ್ಯಾಹ್ನದ ಮೇಲೆ ಅಂಗಡಿ ನೋಡಿಕೊಳ್ಳಲು ಒಬ್ಬ ಹುಡುಗ ಸೇರಿದ್ದ, ಅವರಿಗಿಂತ ಒಂದು ಗೇಣು ಎತ್ತರ. ನಾನು ಏನೂ ಹೇಳುವ ಮೊದಲೇ ಅವರು ಎದ್ದು, ಕುರ್ಚಿಯ ಮೇಲಿನ ಹಲಗೆ ತೆಗೆದು ಗೋಡೆಗೆ ಒರಗಿಸಿದರು, ಮಣೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. "ಕೂರಪ್ಪಾ" ಎಂದು ಅವನನ್ನು ಕೂರಿಸಿ, ಮೊಣಕೈ ಮಡಚಿಸಿ, ಕೀಬೋರ್ಡಿನ ಹಲಗೆಯ ಮಟ್ಟಕ್ಕೆ ಬಂತೇ ಎಂದು ಬಗ್ಗಿ ನೋಡಿದರು.