ಫಿಟ್ಸ್ ನಿಂತೈತಿ, ಗುಳಿಗಿ ಬಿಡ್ಲೇನ್ರಿ?

“ಮೂರು ತಿಂಗಳಾತ್ರಿ, ಒಮ್ಮೆನೂ ಫಿಟ್ಸ್ ಬಂದಿಲ್ಲ. ಗುಳಿಗಿ ಬಿಡ್ಲೇನ್ರಿ?” ಹುಬ್ಬಳ್ಳಿಯ ನಮ್ಮ ಔಷಧ ಅಂಗಡಿಯಲ್ಲಿ ಈ ಮಾತು ಕೇಳದ ವಾರ ಇಲ್ಲ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನೊಮ್ಮೆ ಹೇಳುತ್ತೇನೆ: ಬಿಡಬೇಡಿ. ಫಿಟ್ಸ್ ಬರದೆ ಇರುವುದೇ ಗುಳಿಗೆಯಿಂದ.

ಮೆದುಳಿನ ನರಕೋಶಗಳು ವಿದ್ಯುತ್ ಸಂಕೇತ ಕಳಿಸುತ್ತಲೇ ಇರುತ್ತವೆ. ಬಹಳಷ್ಟು ಕೋಶಗಳು ಒಟ್ಟಿಗೆ, ತಡೆಯಿಲ್ಲದೆ ಸಂಕೇತ ಕಳಿಸಿದರೆ ಫಿಟ್ಸ್ ಬರುತ್ತದೆ. ಫೆನಿಟಾಯಿನ್, ಕಾರ್ಬಮಜೆಪಿನ್ ಗುಳಿಗೆಗಳು ಸಂಕೇತ ಹುಟ್ಟಿಸಲು ಸೋಡಿಯಂ ಒಳಬಿಡುವ ಕೋಶದ ಬಾಗಿಲುಗಳನ್ನು ಹಿಡಿಯುತ್ತವೆ. ಒಮ್ಮೆ ಮುಚ್ಚಿದ ಬಾಗಿಲು ತಕ್ಷಣ ಮತ್ತೆ ತೆರೆಯೋಕೆ ಬಿಡುವುದಿಲ್ಲ. ದಿನದ ಸಾಮಾನ್ಯ ಸಂಕೇತ ಓಡಾಡುತ್ತದೆ, ಅತಿ ವೇಗದ್ದು ನಿಲ್ಲುತ್ತದೆ. ಕ್ಲೋಬಜಾಮ್ ಕೆಲಸ ಬೇರೆ: ಕೋಶಗಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕಕ್ಕೆ ಅದು ಬಲ ಕೊಡುತ್ತದೆ.

ಇದೆಲ್ಲ ಔಷಧ ರಕ್ತದಲ್ಲಿ ಇರುವವರೆಗೆ ಮಾತ್ರ. ಲೆವೆಟಿರಾಸೆಟಮ್ ಎಂಬ ಫಿಟ್ಸ್ ಗುಳಿಗೆ ದೊಡ್ಡವರ ರಕ್ತದಲ್ಲಿ 6ರಿಂದ 8 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೇ ಬೆಳಿಗ್ಗೆ ಒಂದು, ರಾತ್ರಿ ಒಂದು. ಶ್ರಾವಣ ಸೋಮವಾರ ಉಪವಾಸ ಇದ್ದರೂ ನೀರಿನ ಜೊತೆ ನುಂಗಿ.

ಇಷ್ಟು ಹೇಳಿದ ಮೇಲೂ ಒಬ್ಬರು ಅಂತಾರೆ, “ಗುಳಿಗಿಗಿಂತ ಕಬ್ಬಿಣನೇ ಚಲೋರಿ. ಕೈಯಾಗ ಚಾವಿ ಕೊಟ್ವಿ, ನಿಂತೇಬಿಡ್ತು.”

ಹಳೇ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗ ಬಿದ್ದಿದ್ದ. ಸುತ್ತ ನಿಂತವರು ಬಿಗಿದ ಮುಷ್ಟಿ ಬಿಡಿಸಿ ಚಾವಿ ಗೊಂಚಲು ತುರುಕಿದರು. ಬೆರಳ ಸಂದಿಯಲ್ಲಿ ಚರ್ಮ ಕಿತ್ತು ರಕ್ತ ಬಂತು. ಬಾಯಲ್ಲಿ ಜೊಲ್ಲು ತುಂಬಿತ್ತು, ಅವನನ್ನು ಪಕ್ಕಕ್ಕೆ ಹೊರಳಿಸೋಕೆ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಹೆಚ್ಚಿನ ಫಿಟ್ಸ್ ಒಂದರಿಂದ ಮೂರು ನಿಮಿಷದೊಳಗೆ ತಾನಾಗೇ ನಿಲ್ಲುತ್ತದೆ. ಗಾಬರಿಯಾಗಿ, ಚಾವಿ ಹುಡುಕಿ, ಮುಷ್ಟಿ ಬಿಡಿಸೋಕೆ ಅಷ್ಟೇ ಹೊತ್ತು ಬೇಕು. ಹೊಲದಲ್ಲಿ ಒಬ್ಬನೇ ಬಿದ್ದವನ ಕೈಗೆ ಚಾವಿ ಕೊಡುವವರು ಯಾರು? ಅವನದೂ ನಿಲ್ಲುತ್ತದಲ್ವಾ? ಉಳ್ಳಾಗಡ್ಡಿ, ಚಪ್ಪಲಿ ಮೂಸಿಸುವುದೂ ಇದೇ ಕಥೆ. ಇನ್ನು 5 ನಿಮಿಷ ದಾಟಿದ ಫಿಟ್ಸ್ ಯಾವ ಕಬ್ಬಿಣಕ್ಕೂ ಜಗ್ಗುವುದಿಲ್ಲ. 108ಕ್ಕೆ ಫೋನ್ ಮಾಡಿ, ಅದಕ್ಕೆ ತುರ್ತು ಔಷಧವೇ ಬೇಕು. ಅಲ್ಲಿವರೆಗೆ ಪಕ್ಕಕ್ಕೆ ಮಲಗಿಸಿ, ತಲೆ ಕೆಳಗೆ ಮೆತ್ತಗಿನದ್ದೇನಾದರೂ ಇಡಿ. ಬಾಯಿಗೆ ಚಮಚ ಬೇಡ, ನೀರೂ ಬೇಡ.

ನನಗೆ ಬೇಜಾರಾಗುವುದು ಇಲ್ಲಿ. ಏನೂ ಮಾಡದ ಚಾವಿಗೆ ಹೆಸರು, ದಿನವೂ ಫಿಟ್ಸ್ ತಡೆಯುವ ಗುಳಿಗೆ ಮೇಲೆ ಅನುಮಾನ.

ಹಾಗಂತ ಎಲ್ಲರೂ ಜೀವನಪೂರ್ತಿ ನುಂಗಬೇಕಾಗಿಲ್ಲ. ಸಾಮಾನ್ಯವಾಗಿ ಕನಿಷ್ಠ 2 ವರ್ಷ ಫಿಟ್ಸ್ ಇಲ್ಲದಿದ್ದರೆ ಡಾಕ್ಟರು ಯೋಚಿಸುತ್ತಾರೆ. ಬಿಡಿಸಿದರೂ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸುತ್ತಾರೆ. ಒಮ್ಮೆಗೇ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು.

ಯಾರೂ ಬಾಯಿಬಿಟ್ಟು ಕೇಳದ ಒಂದು ವಿಷಯ ಇದೆ. ಹೆಣ್ಣುಮಗಳ ಗುಳಿಗೆ ಒಯ್ಯಲು ಬರುವ ತಂದೆ ಚೀಟಿಯನ್ನು ಮಡಚಿ, ಧ್ವನಿ ತಗ್ಗಿಸಿ ಕೊಡುತ್ತಾರೆ. ಮದುವೆಯ ಚಿಂತೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿ ಅಂತ ಇದ್ದ ಮೂರ್ಛೆ ರೋಗವನ್ನು 1999ರಲ್ಲೇ ತೆಗೆದಿದ್ದಾರೆ. ಫಿಟ್ಸ್ ಇರುವ ಹೆಚ್ಚಿನ ಹೆಣ್ಣುಮಕ್ಕಳಿಗೆ ಆರೋಗ್ಯವಂತ ಮಕ್ಕಳೇ ಆಗುತ್ತಾರೆ. ಆದರೆ ಚೀಟಿಯಲ್ಲಿ ವಾಲ್‌ಪ್ರೊಯೇಟ್ ಎಂಬ ಫಿಟ್ಸ್ ಗುಳಿಗೆ ಇದ್ದರೆ ಸುಮ್ನೆ ಇರಬೇಡಿ. ಬಸುರಿಯಾದಾಗ ಅದು ಮಗುವಿನ ಬೆನ್ನುಹುರಿ, ಮೆದುಳಿಗೆ ತೊಂದರೆ ಮಾಡಬಹುದು. ನೀವಾಗೇ ನಿಲ್ಲಿಸಲೂಬೇಡಿ. ಗಂಡು ನೋಡುವ ಮೊದಲೇ ಮಗಳನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬೇರೆ ಗುಳಿಗೆಗೆ ಬದಲಿಸಿ, ಅದು ಹೊಂದುತ್ತದೋ ಇಲ್ಲವೋ ನೋಡಲು ತಿಂಗಳುಗಳೇ ಬೇಕು. ಬಸುರಿಯರಿಗೆ ಕೊಡುವ ವಿಟಮಿನ್ ಫೋಲಿಕ್ ಆಸಿಡ್ ಎಷ್ಟು, ಯಾವಾಗಿನಿಂದ ಅನ್ನುವುದನ್ನೂ ಆಗಲೇ ಕೇಳಿಕೊಳ್ಳಿ.